ಹದಿನೇಳನೆಯ ಚೀಟಿ

ನೆಲದಲ್ಲಿ ಹೂತಿಟ್ಟದ್ದು ಒಂದೋ ಕೊಳೆಯುತ್ತದೆ, ಇಲ್ಲವೇ ಮೊಳೆಯುತ್ತದೆ. ಹೂತವರ ಇಷ್ಟದಂತೆ ಸುಮ್ಮನೆ ಬಿದ್ದುಕೊಂಡಿರುವುದಿಲ್ಲ. ಆ ಮನೆಯ ಸೊಸೆಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಹೂತಳು.

ಆಸ್ಪತ್ರೆಯ ಕಡತಗಳ ಕೋಣೆಯಲ್ಲಿ ಅವಳಿಗೆ ಹೊಸದಾಗಿ ಕೆಲಸ ಸಿಕ್ಕಿತ್ತು. ಸೂರು ಮುಟ್ಟುವ ಕಬ್ಬಿಣದ ಕಪಾಟುಗಳು, ರೋಗಕ್ಕೊಂದು ಕಪಾಟು. ವೈದ್ಯರು ಬರೆದ ಹೆಸರನ್ನು ಓದಿ ಕಡತವನ್ನು ಅದರ ಜಾಗಕ್ಕೆ ಸೇರಿಸಬೇಕು. ಮೂರು ತಿಂಗಳಿಗೆ ಪರೀಕ್ಷೆ, ಪಾಸಾದರೆ ಕೆಲಸ ಕಾಯಂ. ಕೋಣೆಯ ಹಿರಿಯಳನ್ನು ಎಲ್ಲರೂ ಕಪಾಟಮ್ಮ ಎನ್ನುತ್ತಿದ್ದರು. ಮೊದಲ ದಿನವೇ ಅವಳು ಹೇಳಿದ್ದಳು: "ಹೆಸರು ಮಾರುದ್ದ ಇದೆ ಅಂತ ಹೆದರ್ಬೇಡ ಕಣೇ. ಎಲ್ಲಾ ತುಂಡು ಸೇರಿಸಿ ಮಾಡಿದ್ದು. ಹಾವನ್ನ ತಲೆಯಿಂದ ಹಿಡಿ, ಈ ಪದಗಳನ್ನ ಬಾಲದಿಂದ ಹಿಡಿ. ಬಾಲದಲ್ಲಿ 'ಐಟಿಸ್' ಇದ್ರೆ ಉರಿಯೂತ. 'ಎಕ್ಟಮಿ' ಇದ್ರೆ ಕತ್ತರಿಸಿ ತೆಗೆಯೋದು. ಆಮೇಲೆ ತಲೆ ನೋಡು, ದೇಹದ ಯಾವ ಜಾಗ ಅಂತ ಅಲ್ಲಿರುತ್ತೆ."

ಮನೆಗೆ ಬಂದು ಹೇಳಿದಾಗ ಅತ್ತೆ ನಕ್ಕುಬಿಟ್ಟಳು. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು ಅವಳು. "ತೋಳು ಬೇರೆ, ಕಾಲರ್ ಬೇರೆ ಕತ್ತರಿಸಿ ಜೋಡಿಸಿದ್ರೆ ಅಂಗಿ. ನಿಮ್ಮ ಡಾಕ್ಟರುಗಳೂ ದರ್ಜಿಗಳೇ ಬಿಡು!" ಎಂದು ಹಳೆಯ ರಟ್ಟಿನ ಡಬ್ಬಿಯೊಂದನ್ನು ತಂದು, ತನ್ನ ದೊಡ್ಡ ಕತ್ತರಿಯಿಂದ ನಲವತ್ತು ಚೀಟಿ ಕತ್ತರಿಸಿದಳು. ಒಂದೊಂದರ ಮೂಲೆಯನ್ನೂ ಕಾಲರಿನಂತೆ ದುಂಡಗೆ ತಿರುವಿದಳು. ಮೇಲೆ ಸೀಸದಕಡ್ಡಿಯಲ್ಲಿ ಒಂದರಿಂದ ನಲವತ್ತರವರೆಗೆ ಬರೆದಳು. "ತುಂಡಿಗೆ ನಂಬರ್ ಹಾಕ್ದೆ ಇದ್ರೆ ತೋಳು ಹೋಗಿ ಕಾಲಾಗುತ್ತೆ, ತಿಳ್ಕೋ."

ಸೊಸೆ ಒಂದು ಮಗ್ಗುಲಿಗೆ ಪದದ ತುಂಡು, ಇನ್ನೊಂದಕ್ಕೆ ಅರ್ಥ ಬರೆದಳು. ದಿನಾ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅತ್ತೆ ಚೀಟಿ ಹಿಡಿದು ಕೇಳುವಳು, ಸೊಸೆ ಹೇಳುವಳು. ದಿನಕ್ಕೆ ಐದು ಹೊಸ ಚೀಟಿ. ಪಾಠ ಮುಗಿದ ಮೇಲೆ ಅತ್ತೆ ನಾಳೆಯ ಬಟ್ಟೆಗೆಂದು ಸೂಜಿಗೆ ದಾರ ಪೋಣಿಸಿಟ್ಟು ಮಲಗುವಳು. ದಾರವಿಲ್ಲದ ಸೂಜಿ ನಾಳೆಯೇ ಇಲ್ಲ ಅಂದ ಹಾಗೆ ಎಂಬುದು ಅವಳ ನಂಬಿಕೆ. ನಲವತ್ತು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ.

ಹದಿನೈದನೆಯ ಚೀಟಿ ಮುಗಿದ ದಿನ, ಕೆಲವು ವಾರಗಳಿಂದ ಕಾಡುತ್ತಿದ್ದ ಅತ್ತೆಯ ಹೊಟ್ಟೆನೋವಿನ ಪರೀಕ್ಷೆಯ ವರದಿ ಬಂತು. ವೈದ್ಯರು ಮಗ ಸೊಸೆಯನ್ನು ಒಳಗೆ ಕರೆದು ಹೇಳಿದರು. ಜಠರದಲ್ಲಿ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಆಗಲೇಬೇಕು, ಅದೂ ಹತ್ತು ದಿನದೊಳಗೆ.

ಹೊರಗಿನ ಬೆಂಚಿನ ಮೇಲೆ ಮಗ ಹೆಂಡತಿಯ ಕೈ ಹಿಡಿದುಕೊಂಡ. "ಹುಣ್ಣು ಅಂತ ಹೇಳೋಣ. ಚಿಕ್ಕಮ್ಮ ಇದೇ ಹೆಸರು ಹೊತ್ಕೊಂಡು ಆಪರೇಷನ್ನಿಗೆ ಹೋದೋಳು ವಾಪಸ್ ಬರ್ಲಿಲ್ಲ. ಗೊತ್ತಾದ್ರೆ ಅಮ್ಮ ಕತ್ತರಿಗೆ ಒಪ್ಪಲ್ಲ. ಒಪ್ಪದೆ ಹೋದ್ರೆ..."

ಸೊಸೆ ತಲೆಯಾಡಿಸಿದಳು. ಮನೆ ಮುಟ್ಟುವಷ್ಟರಲ್ಲಿ ಅವಳಿಗೆ ಚೀಟಿಗಳ ನೆನಪಾಯಿತು. ಹದಿನೇಳನೆಯದರಲ್ಲಿ ಅವಳೇ ಬರೆದಿದ್ದಳು: ಕಾರ್ಸಿನ್, ಕ್ಯಾನ್ಸರ್. ನಾಳೆ ಅತ್ತೆಯ ಕೈಗೆ ಅದೇ ಬರುತ್ತದೆ. ಒಪ್ಪಿಗೆ ಪತ್ರದ ಮೇಲೂ ಅದೇ ತುಂಡು ಇರುತ್ತದೆ. ಅತ್ತೆಯೋ, ಅಕ್ಷರ ಕೂಡಿಸಿ ಓದದೆ ಯಾವ ಕಾಗದಕ್ಕೂ ರುಜು ಹಾಕುವವಳಲ್ಲ. ಚೀಟಿ ತೆಗೆದುಬಿಟ್ಟರೆ ನಂಬರು ತಪ್ಪುತ್ತದೆ.

ಸೊಸೆ ಅಡುಗೆಮನೆಯಲ್ಲಿ ಕೂತು ಅದೇ ಡಬ್ಬಿಯ ಮುಚ್ಚಳದಿಂದ ಹೊಸ ಚೀಟಿ ಕತ್ತರಿಸಿದಳು. ಹದಿನೇಳು ಎಂದು ಬರೆದಳು. ಕಾರ್ಸಿನ್, ಹುಣ್ಣು. ನಿಜವಾದ ಚೀಟಿಯನ್ನು ಕೆಲಸಕ್ಕೆ ಒಯ್ಯುವ ಚೀಲದ ಹರಿದ ಅಸ್ತರಿನೊಳಗೆ ತಳ್ಳಿದಳು. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗಾಯಿತು.

ಮರುದಿನ ಸಂಜೆ ಹದಿನಾರು ಮುಗಿಯಿತು. ಹದಿನೇಳು ಕೈಗೆ ಬಂದಾಗ ಅತ್ತೆಯ ಹೆಬ್ಬೆರಳು ಚೀಟಿಯ ಮೂಲೆಯ ಮೇಲೆ ಒಮ್ಮೆ ಓಡಾಡಿ ನಿಂತಿತು.

"ಕಾರ್ಸಿನ್," ಎಂದಳು ಅತ್ತೆ.

"ಹುಣ್ಣು ಅತ್ತೆ."

"ಹುಣ್ಣು," ಎಂದು ಅತ್ತೆ ಚೀಟಿಯನ್ನು ಕೆಳಗಿಟ್ಟಳು.

ಅಂದಿನಿಂದ ಒಂದು ಬದಲಾವಣೆ ಆಯಿತು. ಹೊಸ ಐದು ಚೀಟಿ ಯಾವುದೇ ಇರಲಿ, ಅತ್ತೆ ಮೊದಲು ಹದಿನೇಳನ್ನೇ ಎತ್ತುವಳು. ಸೊಸೆ ಹುಣ್ಣು ಎನ್ನುವಳು. ಅತ್ತೆ ಅವಳ ಮುಖವನ್ನೇ ನೋಡುತ್ತ, ದೀಪದ ಬತ್ತಿ ಸರಿಮಾಡಿ, ಮುಂದಿನದಕ್ಕೆ ಹೋಗುವಳು. ಬಾಯಿಪಾಠದ ಗುಣವೇ ಅದು, ನಿಜವೋ ಸುಳ್ಳೋ ನೋಡುವುದಿಲ್ಲ. ಐದನೆಯ ದಿನ ಕಡತಗಳ ಕೋಣೆಯಲ್ಲಿ ಕಪಾಟಮ್ಮ ಸೊಸೆಯ ಕೈ ಹಿಡಿದು ನಿಲ್ಲಿಸಿದಳು. "ಏನೇ ಇದು? ಕ್ಯಾನ್ಸರ್ ಕಡತ ಹುಣ್ಣಿನ ಕಪಾಟಿಗೆ ಯಾಕೆ ಹೊರಟಿದೆ? ಕಡತ ಇಲ್ಲಿ ಕಳೆದ್ರೆ ಈ ಮನುಷ್ಯನ್ನ ಚಿಕಿತ್ಸೆಗೆ ಮತ್ತೆ ಯಾರೂ ಕರೆಯಲ್ಲ, ಗೊತ್ತಾ?"

ಸೊಸೆ ಕಡತವನ್ನು ಸರಿಯಾದ ಕಪಾಟಿಗೆ ಸೇರಿಸಿದಳು. ನಿಜವನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳೋಣವೆಂದು ಚೀಲದೊಳಗೆ ಕೈ ಹಾಕಿದಳು. ಅಸ್ತರಿನಲ್ಲಿ ಹರಕು ಇರಲಿಲ್ಲ. ಇರುವೆ ಸಾಲಿನಂಥ ಸಣ್ಣ ಹೊಲಿಗೆ ಆ ತುದಿಯಿಂದ ಈ ತುದಿಗೆ ಓಡಿತ್ತು. ಒಳಗೆ ಚೀಟಿ ಹಾಗೆಯೇ ಇತ್ತು, ಬೆರಳಿಗೆ ಅದರ ದುಂಡು ಮೂಲೆ ಸಿಗುತ್ತಿತ್ತು.

ಅವಳು ಗಂಡನಿಗೆ ಹೇಳಲಿಲ್ಲ. ಅತ್ತೆಯೂ ಬಾಯಿ ಬಿಡಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಗುಟ್ಟನ್ನು ಎರಡು ತುದಿಯಿಂದ ಹಿಡಿದುಕೊಂಡು ಓಡಾಡಿದರು. ಆ ದಿನಗಳಲ್ಲಿ ಸೊಸೆ ದೇವರ ಮುಂದೆ ಕಣ್ಣು ಮುಚ್ಚಿದರೆ ಪ್ರಾರ್ಥನೆಯ ಬದಲು ಹದಿನೇಳು ಎಂಬ ಸಂಖ್ಯೆಯೇ ನಾಲಿಗೆಗೆ ಬರುತ್ತಿತ್ತು.

ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಅತ್ತೆ ಚೀಟಿಗಳನ್ನು ಸೊಸೆಯ ಮಡಿಲಿಗೆ ಹಾಕಿದಳು. "ಇವತ್ತು ನೀನು ಹಿಡಿ. ನಾನು ಹೇಳ್ತೀನಿ."

ಸೊಸೆ ಒಂದೊಂದೇ ಎತ್ತಿದಳು. ಗ್ಯಾಸ್ಟ್ರ್? ಜಠರ. ಐಟಿಸ್? ಉರಿಯೂತ. ಓಮಾ? ಗಡ್ಡೆ. ಒಂದೂ ತಪ್ಪಲಿಲ್ಲ. ಒಪ್ಪಿಗೆ ಪತ್ರ ಹಿಡಿದು ಬಂದ ಮಗ ಬಾಗಿಲಲ್ಲೇ ನಿಂತ. ಹದಿನೇಳು ಬಂತು. ಸೊಸೆ ಅದನ್ನೂ ಎತ್ತಿ ಹಿಡಿದಳು.

"ಕ್ಯಾನ್ಸರ್," ಎಂದಳು ಅತ್ತೆ. "ಆ ಚೀಟಿ ನನ್ನ ಕತ್ತರಿಯದಲ್ಲ ಮಗಳೇ. ಮೂಲೆ ನೋಡು, ಇಲಿ ಕಡಿದ ಹಾಗಿದೆ. ಸುಳ್ಳು ಹೇಳೋದಿದ್ರೆ ಕತ್ತರಿಸೋದನ್ನಾದ್ರೂ ಕಲೀಬಾರ್ದಾ?"

"ಅಮ್ಮಾ..." ಎಂದ ಮಗ.

"ಒಳಗೆ ಬಾ. ಕಾಗದ ಕೊಡು." ಅವಳು ಬೆರಳಿಟ್ಟು ಬಾಲದಿಂದ ಓದಿದಳು. "ಎಕ್ಟಮಿ. ಗ್ಯಾಸ್ಟ್ರ್. ಸರಿ, ಎಷ್ಟು ತೆಗೀತಾರೆ? ಅಳತೆ ಗೊತ್ತಿಲ್ದೆ ನಾನು ಯಾರ ಬಟ್ಟೆಗೂ ಕತ್ತರಿ ಇಟ್ಟೋಳಲ್ಲ."

ಮಗ ಗೋಡೆ ನೋಡಿದ. "ಪೂರ್ತಿ, ಅಮ್ಮ."

"ತೆಗೀದೆ ಇದ್ರೆ?"

"ವರ್ಷ ತುಂಬೋದು ಕಷ್ಟ," ಎಂದಳು ಸೊಸೆ.

"ತೆಗೆದ್ರೆ?"

"ದೇವರಿಗೇ ಗೊತ್ತು ಅತ್ತೆ."

"ಅವನೇ ವಾಸಿ. ಗೊತ್ತಿದ್ರೂ ಹುಣ್ಣು ಅಂತ ಹೇಳ್ಲಿಲ್ಲ." ಅತ್ತೆ ಸಣ್ಣಗೆ ನಕ್ಕಳು. ಲೇಖನಿ ತೆಗೆದುಕೊಂಡು ಅವಸರವಿಲ್ಲದೆ ರುಜು ಹಾಕಿದಳು. ಮಗ ಅವಳ ಪಾದದ ಬಳಿ ಕುಸಿದು ಕೂತ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು, ಬಹಳ ಹೊತ್ತು.

ಆಮೇಲೆ ಎದ್ದು ಯಂತ್ರದ ಹತ್ತಿರ ಹೋದಳು. ದಾರ ಪೋಣಿಸುತ್ತಾಳೆ ಎಂದು ಸೊಸೆ ದೀಪ ಹತ್ತಿರ ಹಿಡಿದಳು. ಅತ್ತೆ ನಿನ್ನೆ ಪೋಣಿಸಿಟ್ಟಿದ್ದ ದಾರವನ್ನು ಸೂಜಿಯಿಂದ ಮೆಲ್ಲನೆ ಹೊರಗೆಳೆದು, ಉಂಡೆಗೆ ಸುತ್ತಿ, ದಾರದ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು.