ಊರಿಲ್ಲದ ಸಾಲು

ಬೆಳಿಗ್ಗೆ ಹನ್ನೊಂದಕ್ಕೆ ಔಷಧಿ ಕಂಪನಿಯಿಂದ ಫೋನು ಬಂತು. ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ನಿನ್ನೆ ಶಿಬಿರದಲ್ಲಿ ನಾವು ಹಂಚಿದ ಹನಿಯೌಷಧಿ ಕೆಟ್ಟಿದೆಯಂತೆ; ಹಾಕಿದರೆ ಕಣ್ಣೇ ಹೋಗಬಹುದಂತೆ. ಮೊದಲ ಹನಿ ಹಾಕಬೇಕಾದ್ದು ಇವತ್ತು ಹನ್ನೆರಡಕ್ಕೆ. ಇನ್ನೂರ ಹದಿನಾಲ್ಕು ಜನ, ನಲವತ್ತು ಊರು.

ದೊಡ್ಡಬಳ್ಳಾಪುರದ ನಮ್ಮ ಟ್ರಸ್ಟ್ ಆಫೀಸಿನಲ್ಲಿದ್ದವರು ಇಬ್ಬರೇ: ನಾನು, ಕಂಪ್ಯೂಟರ್ ನೋಡಿಕೊಳ್ಳುವ ಚಲಪತಿ. ಹೆಸರುಗಳೆಲ್ಲ ಒಂದೇ ಫೈಲಿನಲ್ಲಿ ಕಲಸುಮೇಲೋಗರವಾಗಿದ್ದವು. ಪ್ರತಿ ಊರಿನ ಆಶಾ ಕಾರ್ಯಕರ್ತೆಗೂ ಅವಳ ಊರಿನ ಪಟ್ಟಿ ಮಾತ್ರ ಹೋಗಬೇಕು. ಚಲಪತಿ ಕಪ್ಪು ಪರದೆಯಲ್ಲಿ ಒಂದೇ ಸಾಲಿನ ಆಜ್ಞೆ ಹೊಡೆದ: ಮೂರನೇ ಕಾಲಂ ನೋಡು, ಅಲ್ಲಿರುವ ಊರಿನ ಹೆಸರಿನ ಫೈಲಿಗೆ ಆ ಸಾಲನ್ನು ಹಾಕು. ಕಣ್ಣು ಮಿಟುಕಿಸುವಷ್ಟರಲ್ಲಿ ನಲವತ್ತು ಫೈಲು ಬಂದವು. ಎಲ್ಲವನ್ನೂ ವಾಟ್ಸಾಪಿನಲ್ಲಿ ಕಳಿಸಿದೆವು.

ರಾಜಘಟ್ಟದಲ್ಲಿರುವ ನಮ್ಮಮ್ಮ ಸೊಣ್ಣಮ್ಮನ ಬಳಿಯೂ ಅದೇ ಬಾಟಲಿ ಇತ್ತು. ಅಲ್ಲಿನ ಆಶಾ ಕಾರ್ಯಕರ್ತೆ ಶಶಿರೇಖಾ ಪಟ್ಟಿ ಹಿಡಿದು ಹೋಗುತ್ತಾಳೆಂಬ ಧೈರ್ಯ ನನಗೆ. ಮಿಕ್ಕವರನ್ನು ಕಾಯಿಸಿ ನಮ್ಮವರಿಗೆ ಮೊದಲು ಫೋನು ಮಾಡುವುದು ಸರಿ ಕಾಣಲಿಲ್ಲ.

ಆಮೇಲೆ ಎಲ್ಲ ಫೈಲುಗಳ ಸಾಲು ಎಣಿಸಿದರೆ ಇನ್ನೂರ ಹದಿಮೂರು.

"ಖಾಲಿ ಸಾಲೊಂದು ಸೇರ್ಕೊಂಡಿರುತ್ತೆ, ಬಿಡು ಅರ್ಪಿತಾ," ಅಂದ ಚಲಪತಿ.

"ಸಾಲಲ್ಲ ಕಣೋ, ಒಬ್ಬರ ಕಣ್ಣು. ಹುಡುಕು."

ಅವನ ಮೇಲೆ ರೇಗಿದ್ದು ಭಯಕ್ಕೆ. ನಲವತ್ತು ಫೈಲು ತೆರೆದು ತೆರೆದು ನೋಡಿದೆವು. ಗಡಿಯಾರದಲ್ಲಿ ಹನ್ನೊಂದು ಐವತ್ತೆರಡು.

ಚಲಪತಿ ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡ. "ಊರಿನ ಹೆಸ್ರೇ ಇಲ್ದಿದ್ರೆ ಫೈಲಿನ ಹೆಸ್ರಲ್ಲಿ ಕೊನೇ '.txt' ಮಾತ್ರ ಉಳಿದು, ಚುಕ್ಕೆಯಿಂದ ಶುರುವಾಗುತ್ತೆ. ಅಂಥದ್ದನ್ನ ಕಂಪ್ಯೂಟರು ತೋರ್ಸಲ್ಲ, ಎಣ್ಸೋದೂ ಇಲ್ಲ. ಅಡಗಿರೋದನ್ನೂ ತೋರ್ಸು ಅಂತ ಕೇಳ್ಬೇಕು."

ಕೇಳಿದ. ನಲವತ್ತೊಂದನೇ ಫೈಲು ಮೇಲೆದ್ದು ಬಂತು. ಒಳಗೆ ಒಂದೇ ಸಾಲು: ಸೊಣ್ಣಮ್ಮ, ಅರವತ್ತೇಳು, ಊರಿನ ಜಾಗ ಖಾಲಿ, ಕೊನೆಗೆ ನನ್ನದೇ ಫೋನ್ ನಂಬರು.

ಶಿಬಿರದಲ್ಲಿ ಎಲ್ಲರನ್ನೂ "ಯಾವೂರಮ್ಮ?" ಎಂದು ಕೇಳಿ ಟೈಪು ಮಾಡಿದವಳು ನಾನೇ. ಹೆತ್ತ ತಾಯಿಯನ್ನು ಯಾರು ಹಾಗೆ ಕೇಳುತ್ತಾರೆ?

ಅಮ್ಮನಿಗೆ ಹನಿ ಹಾಕುವವರು ಪಕ್ಕದ ಮನೆಯ ರುಕ್ಮಿಣಮ್ಮ. ಅವರ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹೊಡೆದೆ. ಎತ್ತಿದವಳು ಅಮ್ಮ.

"ಅಮ್ಮ, ಹನಿ ಹಾಕಿಸ್ಕೊಂಡ್ಯಾ?"

"ಈಗ ಹಾಕ್ತಾವ್ರೆ. ಮುಚ್ಚಳ ತೆಗೀತಾವ್ರೆ ನೋಡು."

"ಬೇಡ. ಬೇಡ ಅನ್ನು. ಬಾಟ್ಲಿ ಕೆಳಗಿಡ್ಸು."

ಅತ್ತ ಏನೋ ಗುಸುಗುಸು. "ಇಟ್ರು," ಅಂದಳು ಅಮ್ಮ.

"ಶಶಿರೇಖಾ ಬಂದಿದ್ಲು ಕಣೆ. ಬೀದಿಯೋರ ಬಾಟ್ಲಿನೆಲ್ಲಾ ಇಸ್ಕೊಂಡ್ಲು. ನಂದೂ ತಗೋ ಅಂದ್ರೆ, ಪಟ್ಟೀಲಿ ನಿಮ್ಮೆಸ್ರಿಲ್ಲ, ನಿಮ್ದು ಒಳ್ಳೇದೇ ಅಂದ್ಲು. ನನ್ ಮಗಳು ಬರೆದಿರೋ ಪಟ್ಟಿ, ತಪ್ಪಿರಲ್ಲ ಅಂತ ನಾನೂ ಸುಮ್ನಾದೆ."

ಫೋನು ಕಿವಿಗೇ ಹಿಡಿದುಕೊಂಡು ಆ ಖಾಲಿ ಜಾಗದಲ್ಲಿ ರಾಜಘಟ್ಟ ಎಂದು ಟೈಪು ಮಾಡಿದೆ.