ಚಿಯೊರಿಯ ಸರದಿಯ ದಿನ

ಚಿಯೊರಿ ಕುರ್ಚಿಯಲ್ಲಿ ಕೂತರೆ ಸರಾಸರಿ ನಾಲ್ಕು ನಿಮಿಷ ಬರೆಯುತ್ತಾಳೆ. ಆಮೇಲೆ ಪೆನ್ಸಿಲ್ ಕಚ್ಚುತ್ತಾಳೆ, ಕುರ್ಚಿ ಅಲುಗಿಸುತ್ತಾಳೆ, ಎದ್ದು ಹೋಗುತ್ತಾಳೆ. ಕಿಟಕಿ ಪಕ್ಕದ ಗಿಡ್ಡ ಕಪಾಟಿನ ಮೇಲೆ ಪುಸ್ತಕ ಇಟ್ಟು ನಿಂತಳೆಂದರೆ ಮೂವತ್ತೊಂದು ನಿಮಿಷ. ಇಪ್ಪತ್ತು ದಿನ ಗಡಿಯಾರ ಹಿಡಿದು ನಾನೇ ಅಳೆದದ್ದು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು ನಾನು, ಒಂದೆರಡು ದಿನದ ಅಳತೆಯನ್ನು ನಂಬುವುದಿಲ್ಲ.

ಹಾಗಾಗಿ ಯೊನಾಗೊ ಊರಿನ ನಮ್ಮ ಶಾಲೆಯ ನಾಲ್ಕನೇ ತರಗತಿಯಲ್ಲಿ ಕಪಾಟು ಅವಳದಾಯಿತು. ಕಾಲು ಸುಮ್ಮನಿಡಲಾರದ ಶೂಗೊನ ಕುರ್ಚಿಯ ಮುಂಗಾಲುಗಳಿಗೆ ಹಳೆಯ ಸೈಕಲ್ ಟ್ಯೂಬ್ ಬಿಗಿದೆ. ಎಷ್ಟು ಒದ್ದರೂ ಸದ್ದಿಲ್ಲ. ಗದ್ದಲಕ್ಕೆ ಬೆದರುವ ಮಿನಾಮೊಗೆ ಮೂಲೆಯಲ್ಲಿ ಚಾಪೆ, ಗಿಡ್ಡ ಮೇಜು.

ಉಪಮುಖ್ಯೋಪಾಧ್ಯಾಯ ನಿಷಿವಾಕಿಯವರ ಕಣ್ಣಿಗೆ ಇದು ಚುಚ್ಚುತ್ತಿತ್ತು.

“ತೊಗಾಶಿ ಟೀಚರ್, ಇದೇನು ಕ್ಲಾಸೋ, ರೈಲ್ವೆ ಸ್ಟೇಷನ್ನೋ?”

“ಸ್ಟೇಷನ್ನಲ್ಲಿ ಯಾರೂ ಇಷ್ಟೊಂದು ಬರೆಯಲ್ಲ ಸಾರ್.”

ಅವರು ನಗಲಿಲ್ಲ. “ಗುರುವಾರ ಶಿಕ್ಷಣ ಸಮಿತಿಯಿಂದ ಒಬ್ರು ಬರ್ತಾರೆ, ಚಿಯೊರಿನ ನೋಡೋಕೆ. ಪಾಠ ಮುಗಿಯೋವರೆಗೂ ಎಲ್ಲರ ಹಾಗೆ ಕೂತ್ರೆ ಇಲ್ಲೇ ಇರ್ಲಿ. ಇಲ್ಲಾಂದ್ರೆ ಬೇಸಿಗೆ ರಜೆ ಆದ್ಮೇಲೆ ಕೆಳಮಹಡಿಯ ವಿಶೇಷ ತರಗತಿಗೆ.”

“ಕೂತ್ರೆ ಅವಳು ಬರೆಯೋದೇ ಇಲ್ವಲ್ಲ?”

“ಮೊದ್ಲು ಕೂರೋದು ಕಲೀಲಿ. ಬರೆಯೋದು ಆಮೇಲೆ.”

ಕೆಳಗಿನ ಕೋಣೆಯ ಶಿಕ್ಷಕಿ ಒಳ್ಳೆಯವರೇ. ಆದರೆ ಚಿಯೊರಿಗೆ ಬೇಕಾದದ್ದು ಬೇರೆ ಕೋಣೆಯಲ್ಲ, ಮೊಣಕೈ ಎತ್ತರದ ಒಂದು ಹಲಗೆ.

ಬುಧವಾರ ಸಂಜೆ ನಿಷಿವಾಕಿಯವರು ತಾವೇ ಬಂದು ಟ್ಯೂಬ್ ಬಿಚ್ಚಿದರು, ಚಾಪೆ ಸುತ್ತಿದರು, ಕಪಾಟಿನ ಮೇಲೆ ಹೂಕುಂಡ ಜೋಡಿಸಿದರು. ಇಪ್ಪತ್ತೇಳು ಕುರ್ಚಿಗಳ ಸಾಲನ್ನು ಕಣ್ಣು ಕಿರಿದು ಮಾಡಿ ನೋಡಿ ನೇರ ಮಾಡಿದರು. ಕರಿಹಲಗೆಯ ಬಲತುದಿಯನ್ನು ಮಾತ್ರ ನೋಡಲಿಲ್ಲ. ಮರುದಿನದ ಸರದಿ ಯಾರದೋ ಅವರ ಹೆಸರು ಅಲ್ಲಿರುತ್ತದೆ. ಪ್ರತಿ ಪಾಠದ ಮೊದಲು ‘ಎದ್ದೇಳಿ, ನಮಸ್ಕಾರ, ಕೂತ್ಕೊಳ್ಳಿ’ ಎನ್ನುವವರು ಅವರೇ. ಹಾಜರಿ ಕ್ರಮದಲ್ಲಿ ಬರುವ ಆ ಸರದಿಯನ್ನು ಯಾರೂ ತಪ್ಪಿಸುವುದಿಲ್ಲ, ಆ ಮಾತು ಬರುವ ಮುಂಚೆ ಯಾರೂ ಕೂರುವುದೂ ಇಲ್ಲ.

ಅಲ್ಲಿದ್ದದ್ದು ಚಿಯೊರಿಯ ಹೆಸರು. ನಾನು ನೋಡಿದೆ. ಹೇಳಲಿಲ್ಲ.

ಗುರುವಾರ ಸಮಿತಿಯ ನರೆಗೂದಲ ಹೆಂಗಸು ನಿಷಿವಾಕಿಯವರ ಜೊತೆ ಕೋಣೆಯ ಹಿಂಭಾಗದಲ್ಲಿ ನಿಂತರು.

“ಎದ್ದೇಳಿ,” ಎಂದಳು ಚಿಯೊರಿ. ಎಲ್ಲರೂ ಎದ್ದರು.

“ನಮಸ್ಕಾರ.” ಬಾಗಿದರು.

ಅಲ್ಲಿಗೆ ನಿಲ್ಲಿಸಿಬಿಟ್ಟಳು. ಕೂರಲು ಅರ್ಧ ಬಗ್ಗಿದ್ದ ಶೂಗೊ ಮತ್ತೆ ನೆಟ್ಟಗಾದ. ಹಿಂದಿನಿಂದ ನಿಷಿವಾಕಿಯವರ ಕೆಮ್ಮು ಕೇಳಿಸಿತು.

“‘ಕೂತ್ಕೊಳ್ಳಿ’ ಅನ್ನಮ್ಮಾ. ಮರೆತುಬಿಟ್ಯಾ?”

“ಮರೆತಿಲ್ಲ ಸಾರ್.”

“ಮತ್ತೆ? ಇವರೆಲ್ಲ ಹೀಗೇ ನಿಂತಿರಬೇಕಾ?”

“ನೀವೂ ನಿಂತೇ ಇದ್ದೀರಲ್ಲ ಸಾರ್,” ಎಂದ ಶೂಗೊ. ತರಗತಿ ಕಿಸಕ್ಕೆಂದಿತು.

“ತೊಗಾಶಿ ಟೀಚರ್, ನೀವಾದ್ರೂ ಹೇಳಿ!”

ಹೇಳಬಹುದಿತ್ತು. ಒಂದೇ ಮಾತು.

“ಇವತ್ತಿನ ಸರದಿ ನಂದಲ್ಲ ಸಾರ್,” ಎಂದು ಹೇಳಿ, ಅಂದಿನ ವಿಜ್ಞಾನ ಪಾಠಕ್ಕೆ ತಂದಿದ್ದ ಸೂಜಿಯಿಲ್ಲದ ಸಿರಿಂಜುಗಳನ್ನು ಹಂಚತೊಡಗಿದೆ.

ಇಪ್ಪತ್ತೇಳು ಮಕ್ಕಳು ನಿಂತೇ ಸಿರಿಂಜಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಒತ್ತಿದರು. ಗಾಳಿ ಕುಗ್ಗಿತು, ಬಿಟ್ಟೊಡನೆ ಮರಳಿತು. ನೀರು ತುಂಬಿ ಒತ್ತಿದರು. ಅದು ಜಗ್ಗಲೇ ಇಲ್ಲ. “ಎಷ್ಟು ಹಟ ಇದಕ್ಕೆ!” ಎಂದಳು ಮಿನಾಮೊ, ತನಗಷ್ಟೇ ಕೇಳುವಂತೆ.

ಕಂಡದ್ದನ್ನು ಬರೆಯುವ ಹೊತ್ತಾಯಿತು. ಚಿಯೊರಿ ಆಗ ಬಾಯಿ ತೆರೆದಳು.

“ಕೂತು ಬರೆಯೋರು ಕೂತ್ಕೊಳ್ಳಿ. ನಿಂತು ಬರೆಯೋರು ನಿಂತ್ಕೊಳ್ಳಿ. ನೆಲ ಬೇಕಾದೋರು ನೆಲದ ಮೇಲೆ.”

ಹತ್ತೊಂಬತ್ತು ಮಂದಿ ಕೂತರು. ಮಿನಾಮೊ ಬರಿ ನೆಲದ ಮೇಲೆ ಮಂಡಿಯೂರಿದಳು. ಚಿಯೊರಿ ಹೂಕುಂಡಗಳನ್ನು ಒಂದೊಂದಾಗಿ ಕೆಳಗಿಳಿಸಿ ಕಪಾಟಿನ ಮುಂದೆ ನಿಂತಳು. ಇನ್ನೂ ಆರು ಮಂದಿ ನಿಂತೇ ಇದ್ದರು. ಹೇಗೆ ಬರೆಯಲು ಇಷ್ಟ ಎಂದು ಆ ಆರು ಮಂದಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಗಡಿಯಾರ ಹಿಡಿದು ತಿರುಗಿದವಳು ನಾನು, ಅಳತೆಯಲ್ಲಿ ಇಷ್ಟು ದೊಡ್ಡ ಲೋಪ.

ಸಮಿತಿಯವರು ಚಿಯೊರಿಯ ಹೆಗಲ ಹಿಂದೆ ನಿಂತು ಓದಿದರು. ಒಂದೂವರೆ ಪುಟ, ಚಿತ್ರಸಮೇತ.

“ಕೂತು ಬರೆದದ್ದು ಯಾವುದಾದ್ರೂ ಇದ್ಯಾ?”

ಕಪಾಟು ಸಿಗುವ ಮುಂಚಿನ ಒಂದು ಪುಟ ತಿರುಗಿಸಿ ತೋರಿಸಿದೆ. ನಾಲ್ಕು ಸಾಲು, ಪೆನ್ಸಿಲ್ ಚುಚ್ಚಿದ ಒಂದು ತೂತು. ಅವರು ಎರಡನ್ನೂ ಬಹಳ ಹೊತ್ತು ನೋಡಿದರು. “ತೀರ್ಮಾನ ಶಾಲೆಯದು,” ಎಂದಷ್ಟೇ ಹೇಳಿ ಹೊರಟರು.

ಸಂಜೆ ನಿಷಿವಾಕಿಯವರು ನನ್ನ ಮೇಜಿನ ಮೇಲೆ ಒಂದು ಕಾಗದ ಇಟ್ಟರು. ವಿಶೇಷ ತರಗತಿಗೆ ವರ್ಗಾವಣೆ: ‘ಅಗತ್ಯ’, ‘ಅಗತ್ಯವಿಲ್ಲ’ ಎಂಬ ಎರಡು ಚೌಕ. ಸಹಿಯ ಬದಲು ಒತ್ತುವ ತರಗತಿ ಶಿಕ್ಷಕರ ಹೆಸರಿನ ಮುದ್ರೆಯಿಲ್ಲದೆ ಅದು ಮುಂದೆ ಹೋಗುವುದಿಲ್ಲ.

“ಅವಳು ಕೂರ್ಲಿಲ್ಲ. ನೀವೇ ಕಣ್ಣಾರೆ ನೋಡಿದ್ರಿ. ಒತ್ತಿ.”

ಮುದ್ರೆಯನ್ನು ಕೆಂಪು ಶಾಯಿಗೆ ಅದ್ದಿ, ಎರಡನೆಯ ಚೌಕದಲ್ಲಿ ಬಲವಾಗಿ ಒತ್ತಿದೆ.

“ತಪ್ಪು ಕಡೆ ಒತ್ತಿದ್ರಿ.”

“ಇಲ್ಲ ಸಾರ್.”

“ಯೋಚನೆ ಮಾಡಿ. ಏಪ್ರಿಲ್‌ನಲ್ಲಿ ಶಿಕ್ಷಕರ ವರ್ಗಾವಣೆ ಪಟ್ಟಿ ಬರುತ್ತೆ. ಯಾವ ಬೆಟ್ಟದ ಮೂಲೆಗೆ ಹಾಕ್ತಾರೋ ನಿಮ್ಮನ್ನ!”

“ಅಲ್ಲೂ ಮಕ್ಕಳಿರ್ತಾರಲ್ಲ ಸಾರ್.”

ಅವರು ಕಾಗದಕ್ಕೆ ಕೈ ಚಾಚಿದರು. ಶಾಯಿ ಇನ್ನೂ ಹಸಿಯಾಗಿತ್ತು. ಅದು ಪೂರ್ತಿ ಆರುವವರೆಗೆ ಕೊಡಲಿಲ್ಲ.