ಕಾವಲಿಯೋ ಡಬ್ಬಿಯೋ

ಕಾಪುವಿನ ರೊಸಾರಿಯೊನಿಗೂ ಅಂಬಲಪಾಡಿಯ ಲೀಲಾಧರನಿಗೂ ಇದ್ದ ಜಗಳ ಉಡುಪಿ ಸುತ್ತಿನ ಮದುವೆ ಹಾಲ್‌ಗಳ ಅಡುಗೆಯವರಿಗೂ ಗೊತ್ತಿತ್ತು. ಇಬ್ಬರೂ ಡಿಜೆಗಳು. ರೊಸಾರಿಯೊ ಮಸ್ಕತ್ತಿನ ಹೋಟೆಲಿನಲ್ಲಿ ಪ್ರಾಯವನ್ನೆಲ್ಲ ಕಳೆದವನು. ಊರಿಗೆ ಮರಳುವಾಗ ಬೇರೆಯವರು ಚಿನ್ನ ತಂದರೆ ಇವನು ಎರಡು ಟರ್ನ್‌ಟೇಬಲ್ ಮತ್ತು ಪೆಟ್ಟಿಗೆಗಟ್ಟಲೆ ಕಪ್ಪು ರೆಕಾರ್ಡು ತಂದ. ತೊಂಬತ್ತೆಂಟರ ಹೊತ್ತಿಗೆ ಮಣಿಪಾಲದ ಕಾಲೇಜು ಹುಡುಗರು ಅವನನ್ನು ದೇವರ ಹಾಗೆ ಕಂಡರು. ಲೀಲಾಧರ ಪ್ರಾಯದಲ್ಲಿ ಬಹಳ ಚಿಕ್ಕವನು. ಸೌಂಡ್ಸ್ ಅಂಗಡಿ ಇಟ್ಟುಕೊಂಡು ಮೊದಮೊದಲು ಸಿಡಿ ಹಾಕುತ್ತಿದ್ದ. ಆಮೇಲೆ ಲ್ಯಾಪ್‌ಟಾಪ್ ಬಂತು, ಸಾವಿರಾರು ಹಾಡು ಬಗಲಲ್ಲಿ ಇಟ್ಟುಕೊಂಡು ಬೈಕಿನಲ್ಲಿ ಹೋಗಿ ಬರತೊಡಗಿದ.

ರೊಸಾರಿಯೊ ಆ ಲ್ಯಾಪ್‌ಟಾಪಿಗೆ ಟಿಫಿನ್ ಡಬ್ಬಿ ಎಂದು ಹೆಸರಿಟ್ಟ. ಬೇರೆಯವರು ಬೇಯಿಸಿದ್ದನ್ನು ಡಬ್ಬಿಯಲ್ಲಿ ತಂದು ಬಡಿಸುವವನು ಅಡುಗೆಯವ ಹೇಗಾದಾನು ಎಂದು ಕಂಡಕಂಡಲ್ಲಿ ಕೇಳಿದ. ಲೀಲಾಧರನೇನೂ ಬಾಯಿ ಇಲ್ಲದವನಲ್ಲ. ಟರ್ನ್‌ಟೇಬಲ್ಲಿಗೆ ದೋಸೆ ಕಾವಲಿ ಎಂದ. ಪೊರ್ಬುಗಳು ಕಾವಲಿ ಕಾಯಿಸುವಷ್ಟರಲ್ಲಿ ಮದುಮಕ್ಕಳಿಗೆ ಮಕ್ಕಳಾಗುತ್ತವೆ ಎಂದ. ಈ ಊರಲ್ಲಿ ಕ್ರಿಸ್ತುವರ ಗಂಡಸರನ್ನು ಪೊರ್ಬು ಎಂದು ಗೌರವದಿಂದ ಕರೆಯುವುದು ವಾಡಿಕೆ, ಬೈಯುವಾಗಲೂ ಲೀಲಾಧರ ಅದನ್ನು ಬಿಟ್ಟವನಲ್ಲ.

ಇದೆಲ್ಲ ಎರಡು ಸಾವಿರದ ಐದರ ಬೇಸಿಗೆಯವರೆಗೆ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ರೊಸಾರಿಯೊನ ಬಲಗೈ ನಡುಗತೊಡಗಿತ್ತು.

ಸುಮ್ಮನೆ ಇಟ್ಟರೆ ಕೈಗೆ ಏನೂ ಇಲ್ಲ. ಕೆಲಸಕ್ಕೆ ಎತ್ತಿದರೆ ಸಾಕು, ಗಾಳಿಗೆ ಸಿಕ್ಕಿದ ಬಾಳೆಲೆಯಾಗುತ್ತದೆ. ಅವನ ಕೆಲಸವಾದರೂ ಎಂಥದ್ದು? ತಿರುಗುವ ತಟ್ಟೆಯ ಮೇಲೆ ರೆಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಬೇಕು. ಸೂಜಿಯನ್ನು ಕೂದಲೆಳೆಯಷ್ಟು ಜಾಗಕ್ಕೆ ಇಳಿಸಬೇಕು. ಮೊದಲ ಹಾಡಿನ ತಾಳಕ್ಕೆ ಕಾದು ಬೆರಳು ಬಿಡಬೇಕು. ಕಾರ್ಕಳದ ಒಂದು ಮದುವೆಯಲ್ಲಿ, ಮದುಮಗಳು ಅಪ್ಪನ ಕೈ ಹಿಡಿದು ಕುಣಿಯಲು ನಿಂತಾಗ, ಸೂಜಿ ಜಾರಿ ಇಡೀ ಹಾಲಿಗೆ ಕರ್ಕಶವಾಗಿ ಕೇಳಿಸಿತು. ವೇದಿಕೆಯ ಹಲಗೆಯ ಮೇಲೆ ಯಾರೋ ಜಿಗಿದರು ಎಂದು ರೊಸಾರಿಯೊ ಸಬೂಬು ಹೇಳಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯುವವಳು ಸರಿಯಾಗಿಯೇ ಕುಣಿಯುತ್ತಿದ್ದಳು, ಪಾಪ.

ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹೊರಗೆ ಚಾ ಕುಡಿಯುವುದನ್ನು ಬಿಟ್ಟ. ಇಗರ್ಜಿಯ ಪೂಜೆಯಲ್ಲಿ ಕೈ ಜೋಡಿಸುವಾಗಲೂ ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದ. ಮಣಿಪಾಲದ ಡಾಕ್ಟರು ಇದು ಮನೆತನದಿಂದ ಬಂದದ್ದು, ಜೀವಕ್ಕೆ ಅಪಾಯವಿಲ್ಲ, ಆದರೆ ಪೂರ್ತಿ ಹೋಗುವುದೂ ಇಲ್ಲ ಎಂದು ಮಾತ್ರೆ ಬರೆದರು. ಮಾತ್ರೆಗಿಂತ ಒಂದು ಪೆಗ್ಗಿಗೆ ಕೈ ಚೆನ್ನಾಗಿ ನಿಲ್ಲುತ್ತದೆ ಎಂದು ಅವನೇ ಕಂಡುಕೊಂಡ. ಒಂದು ಎರಡಾಯಿತು. ಹೆಂಡತಿ ಝೀಟಾ ಬಾಟಲಿಯನ್ನು ಬಾವಿಕಟ್ಟೆಗೆ ಒಯ್ದು ಅವನ ಎದುರೇ ಬಗ್ಗಿಸಿದಳು.

ಹೀಗಿರುವಾಗ ಲೀಲಾಧರ ಕಾಪುವಿನ ಮನೆಗೇ ಬಂದ. ತಂಗಿ ವನಜಾಕ್ಷಿಗೆ ಮದುವೆ ಗೊತ್ತಾಗಿತ್ತು. ಮದರಂಗಿಯ ಸಂಜೆಗೆ ಹಾಡು ಹಾಕಲು ರೊಸಾರಿಯೊನೇ ಬರಬೇಕು, ಲ್ಯಾಪ್‌ಟಾಪ್ ಬೇಡ, ರೆಕಾರ್ಡೇ ಬೇಕು ಎಂದ. ಹೇಳುವಾಗ ನೆಲ ನೋಡುತ್ತಿದ್ದ. ರೊಸಾರಿಯೊನಿಗೆ ಕುತ್ತಿಗೆಯವರೆಗೆ ಸಂತೋಷ ಬಂತು, ಅದರ ಹಿಂದೆಯೇ ಹೆದರಿಕೆಯೂ ಬಂತು. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಕೈ ಜೇಬಿನಲ್ಲಿಟ್ಟುಕೊಂಡೇ ಆಯಿತು ಎಂದುಬಿಟ್ಟ.

ಮರುದಿನವೇ ಅವನು ಪರ್ಕಳಕ್ಕೆ ಹೊರಟ. ಅಲ್ಲಿ ಅವನ ಗುರುತಿನವರಿಲ್ಲ. ಗದಗದ ಕಡೆಯಿಂದ ಬಂದ ಹನುಮೇಶ ಎಂಬವನು ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದ. ಲೋಕಕ್ಕೆಲ್ಲ ಟಿಫಿನ್ ಡಬ್ಬಿ ಎಂದವನು ಈಗ ಕದ್ದು ಎರಡೆರಡು ಬಸ್ಸು ಬದಲಿಸಿ ಡಬ್ಬಿ ಕಲಿಯಲು ಹೋದ. ಸೂಜಿ ಇಲ್ಲ, ತಟ್ಟೆ ಇಲ್ಲ, ಬರೀ ಒತ್ತುವುದಲ್ಲವೇ, ಅದಕ್ಕೆ ಎಂಥ ಕೈ ಬೇಕು ಎಂಬುದು ಅವನ ಲೆಕ್ಕಾಚಾರ. ರೆಕಾರ್ಡು ಹೋದರೆ ಹೋಗಲಿ, ಹಾಡು ಉಳಿದರೆ ಸಾಕೆಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದ.

ಮೌಸ್ ಹಿಡಿದ. ಪರದೆಯ ಮೇಲಿನ ಬಾಣ ನೊಣದ ಹಾಗೆ ಹಾರಾಡಿತು. ಒಂದು ಹಾಡು ಒತ್ತಿದರೆ ಪಕ್ಕದ್ದು ಎದ್ದಿತು, ನಿಲ್ಲಿಸಲು ಹೋದರೆ ಎರಡೂ ಒಟ್ಟಿಗೆ ಕೂಗಿದವು. ಹನುಮೇಶ ಮರ್ಯಾದೆಯ ಮನುಷ್ಯ, ಮೌಸು ಹಳೇದೈತ್ರಿ ಎಂದು ಹೊಸದು ತಂದಿಟ್ಟ. ಹೊಸದೂ ಹಾಗೆಯೇ. ರೊಸಾರಿಯೊ ಎದ್ದು ಹೊರಗೆ ಬಂದು ರಸ್ತೆ ಬದಿ ನಿಂತ. ಎರಡು ಬಸ್ಸು ಅವನೆದುರೇ ನಿಂತು ಹೋದವು. ಕಾವಲಿಯೋ ಡಬ್ಬಿಯೋ ಎಂದು ಊರೆಲ್ಲ ಜಗಳವಾಡಿದ್ದನಲ್ಲ, ಎರಡೂ ಅವನ ಕೈಯಿಂದ ಹೋಗಿದ್ದವು.

ಲೀಲಾಧರನಿಗೆ ಇದ್ದದ್ದನ್ನು ಹೇಳಿಬಿಡಿ ಎಂದಳು ಝೀಟಾ. ರೊಸಾರಿಯೊ ಮನೆಯೊಳಗೆ ಅತ್ತಿಂದಿತ್ತ ನಡೆದು ನಡೆದು ಕೊನೆಗೆ ಬೇರೆಯೇ ಒಂದು ದಾರಿ ಹುಡುಕಿದ. ಕೈಯ ವಿಷಯ ಹೇಳುವುದಕ್ಕಿಂತ ವಾದದಲ್ಲಿ ಸೋಲುವುದು ಮೇಲು. ಸೋತವನಿಗೆ ಮಾನ ಹೋದೀತು, ಆದರೆ ಅಯ್ಯೋ ಪಾಪ ಎನ್ನಿಸಿಕೊಳ್ಳಬೇಕಾಗಿ ಬರುವುದಿಲ್ಲ.

ಅಂಬಲಪಾಡಿಯ ಅಂಗಡಿಯಲ್ಲಿ ಲೀಲಾಧರ ಸ್ಪೀಕರಿನ ಒಳಗೆ ತಲೆ ಹಾಕಿ ಕೂತಿದ್ದ. ರೊಸಾರಿಯೊ ಬಾಗಿಲಲ್ಲೇ ನಿಂತು, ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದ. ರೆಕಾರ್ಡಿನ ಕಾಲ ಮುಗಿಯಿತು, ನೀನು ಹೇಳಿದ್ದೇ ಸರಿ, ನಾನು ಎಲ್ಲ ಮಾರುತ್ತೇನೆ, ತಂಗಿಯ ಮದರಂಗಿಗೆ ನೀನೇ ಲ್ಯಾಪ್‌ಟಾಪ್ ಹಾಕಿಕೋ.

ಲೀಲಾಧರ ಕುಣಿದಾಡುತ್ತಾನೆ ಎಂದುಕೊಂಡಿದ್ದ. ಆದರೆ ಲೀಲಾಧರನ ಮುಖ ಸಪ್ಪಗಾಯಿತು.

"ನೀವು ಸೋತದ್ದಾ?"

"ಹೌದು."

"ನಾನು ನಂಬುವುದಿಲ್ಲ. ಹೌದಾದರೆ ಕೈ ಕೊಡಿ."

ಲೀಲಾಧರ ಕೈ ಚಾಚಿ ನಿಂತ. ರೊಸಾರಿಯೊನ ಕೈ ಜೇಬಿನಲ್ಲೇ ಇತ್ತು. ಚಾಚಿದ ಕೈ ಹಾಗೆಯೇ ಉಳಿಯಿತು, ಲೀಲಾಧರನ ಕಿವಿ ಕೆಂಪಾಗತೊಡಗಿತು. ಇಷ್ಟು ವರ್ಷ ಬೈದಾಡಿದರೂ ರೊಸಾರಿಯೊ ಇವನಿಗೆ ಹೀಗೆ ಅವಮಾನ ಮಾಡಿದ್ದಿಲ್ಲ. ಅದನ್ನು ಮಾತ್ರ ರೊಸಾರಿಯೊನಿಗೆ ತಾಳಲಾಗಲಿಲ್ಲ. ಕೈ ಹೊರಗೆ ತೆಗೆದ.

ಲೀಲಾಧರ ಆ ಕೈಯನ್ನು ನೋಡಿದ. ಎರಡೂ ಕೈಯಲ್ಲಿ ಹಿಡಿದ. ಹಿಡಿದರೂ ಅದು ನಿಲ್ಲಲಿಲ್ಲ.

"ಇದಕ್ಕಾ ನೀವು ಆ ಡಬ್ಬಿಗೆ ಸೋತೆ ಅಂತ ಹೇಳಿದ್ದು, ಪೊರ್ಬುಗಳೇ?"

ರೊಸಾರಿಯೊ ಕೈ ಎಳೆದುಕೊಳ್ಳಲು ನೋಡಿದ, ಲೀಲಾಧರ ಬಿಡಲಿಲ್ಲ.

"ನನ್ನದೂ ಒಂದು ಉಂಟು, ಕೇಳಿ. ಮಣಿಪಾಲದಲ್ಲಿ ನೀವು ಹಾಕುವಾಗ ನಾನು ಹಿಂದೆ ನಿಂತು ನೋಡ್ತಿದ್ದೆ. ಬೊಂಬಾಯಿಯಿಂದ ಒಂದು ಹಳೇ ಟರ್ನ್‌ಟೇಬಲ್ ತರಿಸಿದ್ದೆ. ಎರಡು ವರ್ಷ ಬಾಗಿಲು ಹಾಕ್ಕೊಂಡು ಕಲಿತೆ. ಕೈಗೆ ಬರ್ಲಿಲ್ಲ, ಮಾರಾಯ್ರೆ. ಬರ್ಲಿಲ್ಲ ಅಂತಲೇ ಕಾವಲಿ ಅಂತ ಬೈದದ್ದು."

ರೊಸಾರಿಯೊ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಸಿಟ್ಟು ಬಂತು, ನಿಜವಾದ ಸಿಟ್ಟು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಇವನು ಬಂದು ಬಾಯಿಬಿಟ್ಟು ಕೇಳಬಾರದಿತ್ತೇ?

"ಯಾರ ಹತ್ರ ಕಲ್ತದ್ದು?"

"ಯಾರ ಹತ್ರವೂ ಇಲ್ಲ."

"ಹಾಗಾದ್ರೆ ಎಲ್ಲಿಂದ ಬರ್ತದೆ? ನಾಳೆ ಕಾಪುವಿಗೆ ಬಾ. ಸೂಜಿ ನೀನು ಇಡು, ಯಾವಾಗ ಅಂತ ನಾನು ಹೇಳ್ತೇನೆ." ಹೇಳಿದ ಮೇಲೆ ಧ್ವನಿ ತಗ್ಗಿತು. "ಮದರಂಗಿಗೆ ಮುಂಚೆ ನೀನು ಕಲಿತೀಯೋ ಇಲ್ಲವೋ. ಅಷ್ಟರಲ್ಲಿ ಈ ಕೈ ಇನ್ನೂ ಕೆಡ್ತದೆ."

"ಕೆಡ್ಲಿ," ಎಂದ ಲೀಲಾಧರ, ಕೈ ಬಿಡದೆ. "ನಿಮ್ಮ ಬಾಯಿ ಕೆಡುವುದಿಲ್ಲವಲ್ಲ."

ರೊಸಾರಿಯೊ ನಕ್ಕ. ನಗುತ್ತಿದ್ದವನು ಕೈ ಬಿಡಿಸಿಕೊಂಡು ಅಲ್ಲೇ ಸ್ಪೀಕರಿನ ಮೇಲೆ ಕೂತು, ಅಂಗಡಿಗೆ ಬಂದ ಗಿರಾಕಿ ನೋಡುತ್ತಿದ್ದಂತೆಯೇ, ನಡುಗುವ ಕೈಯಿಂದ ಕಣ್ಣು ಒರೆಸಿಕೊಂಡ.